ಡಿಶ್ ತಿರುಗುತ್ತಿದೆ, ಸಿಗ್ನಲ್ ಇಲ್ಲ: ಬಿಚ್ಚುವ ಮೊದಲು ಸೂರ್ಯನನ್ನು ಕೇಳಿ

ಉಪಗ್ರಹದ ಬೆನ್ನು ಹತ್ತುವ ಡಿಶ್ ಕೆಟ್ಟಿತು ಅಂದ ತಕ್ಷಣ ಹೆಚ್ಚಿನವರ ಕೈ ಸ್ಪ್ಯಾನರ್ ಕಡೆಗೇ ಹೋಗುತ್ತದೆ. ಮಾಳಿಗೆ ಹತ್ತಿ, ಡಿಶ್ ಮುಂದೆ ಕೂತು ಅಲೆ ಹಿಡಿಯುವ ಫೀಡ್ ಬಿಚ್ಚುತ್ತಾರೆ, ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಮೊದಲ ಆಂಪ್ಲಿಫೈಯರ್, ಅಂದರೆ ಎಲ್‌ಎನ್‌ಎ, ಬದಲಾಯಿಸುತ್ತಾರೆ. ಆಗಲೂ ಸಿಗ್ನಲ್ ಬರದಿದ್ದರೆ ಕೇಬಲ್, ಅದಾದ ಮೇಲೆ ರಿಸೀವರ್. ಹೀಗೆ ಬಿಚ್ಚುತ್ತಾ ಹೋದರೆ ಇದ್ದ ಒಂದು ದೋಷಕ್ಕೆ ಇನ್ನೆರಡು ಸೇರುತ್ತವೆ. ಯಾವುದು ಮೊದಲೇ ಇತ್ತು, ಯಾವುದು ನಮ್ಮ ಕೈಯಿಂದ ಆಯಿತು ಅಂತ ಆಮೇಲೆ ಗೊತ್ತಾಗುವುದೇ ಇಲ್ಲ.

ಬಿಚ್ಚುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಬೇಕು. ಡಿಶ್ ತಪ್ಪು ಕಡೆ ನೋಡುತ್ತಿದೆಯೋ, ಇಲ್ಲ ಸರಿಯಾದ ಕಡೆ ನೋಡಿಯೂ ಅದಕ್ಕೆ ಕೇಳಿಸುತ್ತಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆ. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ, ಬರೀ ಗದ್ದಲ.

ದೊಡ್ಡವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. 2023ರ ಜುಲೈ 21ರಂದು ದೂರದ ಬಾಹ್ಯಾಕಾಶದಲ್ಲಿರುವ ನಾಸಾದ ವಾಯೇಜರ್-2 ನೌಕೆಗೆ ಹೋದ ಕಮಾಂಡ್‌ಗಳಿಂದಾಗಿ ಅದರ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆಗೆ ತಿರುಗಿತು. ಸಂಪರ್ಕ ನಿಂತೇಹೋಯಿತು. ನಾಸಾದವರು ಮೊದಲು ಹುಡುಕಿದ್ದು ಮಾಹಿತಿಯನ್ನಲ್ಲ, ಅದನ್ನು ಹೊತ್ತು ತರುವ ಬರೀ ಕ್ಯಾರಿಯರ್ ಅಲೆಯನ್ನು. ಅದು ಕ್ಷೀಣವಾಗಿ ಸಿಕ್ಕಿತು. ಅಂದರೆ ನೌಕೆ ಬದುಕಿದೆ, ದಿಕ್ಕು ಮಾತ್ರ ತಪ್ಪಿದೆ ಅಂತ ಖಚಿತವಾಯಿತು. ಆಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಜೋರಾಗಿ ಕಮಾಂಡ್ ಕಳಿಸಿದರು. ಆಗಸ್ಟ್ 4ಕ್ಕೆ ಮಾತು ಮತ್ತೆ ಶುರುವಾಯಿತು. ದೋಷ ಯಾವ ಜಾತಿಯದು ಅಂತ ಮೊದಲು ತಿಳಿದುಕೊಂಡರು, ರಿಪೇರಿ ಆಮೇಲೆ. ನಮ್ಮ ಮಾಳಿಗೆಯ ಡಿಶ್‌ಗೂ ಅದೇ ಕ್ರಮ ಸಾಕು.

ಇಲ್ಲಿ ಬರೆದಿರುವುದು ಬಳ್ಳಾರಿಯ ಒಂದು ಕಾಲೇಜಿನ ಮಾಳಿಗೆಯ ಮೇಲಿರುವ 3 ಮೀಟರ್ ಜಾಲರಿ ಡಿಶ್‌ನ ಅನುಭವದಿಂದ. ಎರಡು ಮೋಟಾರು: ಒಂದು ಸುತ್ತ ತಿರುಗಿಸುವ ಅಜಿಮತ್, ಇನ್ನೊಂದು ಮೇಲೆ ಕೆಳಗೆ ಮಾಡುವ ಎಲಿವೇಶನ್. 1700 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೀಟಿಯರ್-ಎಂ, ಮೆಟಾಪ್ ಹವಾಮಾನ ಉಪಗ್ರಹಗಳ ಚಿತ್ರ ಹಿಡಿಯುವುದು ಇದರ ಕೆಲಸ. ಕೇಳುವುದು ಮಾತ್ರ, ಕಳಿಸುವುದಿಲ್ಲ. ನಿಮ್ಮದು ಕಳಿಸುವ ಸ್ಟೇಷನ್ ಆದರೆ ಮುಂದೆ ಹೇಳುವ ಯಾವ ಪರೀಕ್ಷೆಗೂ ಮೊದಲು ಟ್ರಾನ್ಸ್‌ಮಿಟರ್ ಪವರ್ ತೆಗೆದುಬಿಡಿ. ಫೀಡ್ ಮುಂದೆ ಕೈ ಇಡುವ ಪರೀಕ್ಷೆಯೂ ಇದರಲ್ಲಿದೆ.

ಕೋಣೆಯಲ್ಲೇ ಮುಗಿಯುವ ಕೆಲಸ

ಮೊದಲು ಉಪಗ್ರಹ ಬದುಕಿದೆಯಾ ನೋಡಿ. ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ-15, ನೋವಾ-18, ನೋವಾ-19 ಮೂರನ್ನೂ 2025ರಲ್ಲಿ ನಿವೃತ್ತಿ ಮಾಡಿದ್ದಾರೆ. ಹಳೆಯ ವಿಡಿಯೋ ನೋಡಿ ಕಲಿತ ಹುಡುಗರು ಇವತ್ತಿಗೂ ಅವನ್ನೇ ಹುಡುಕುತ್ತಾರೆ. ಅಲ್ಲಿ ಏನೂ ಬರುವುದಿಲ್ಲ, ಅದು ಡಿಶ್ ತಪ್ಪಲ್ಲ.

ಆಮೇಲೆ ಗಡಿಯಾರ. ಇದನ್ನು ಬಹಳ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಸುಮಾರು 820 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲೆ ಹಾಯುವಾಗ ಸೆಕೆಂಡಿಗೆ ಅರ್ಧ ಡಿಗ್ರಿ ಓಡುತ್ತದೆ. 3 ಮೀಟರ್ ಡಿಶ್‌ನ ಬೀಮ್, ಅಂದರೆ ಅದಕ್ಕೆ ಒಮ್ಮೆಗೆ ಕೇಳಿಸುವ ಆಕಾಶದ ತುಂಡು, ಈ ತರಂಗದಲ್ಲಿ ಸುಮಾರು 4 ಡಿಗ್ರಿ ಅಗಲ. ನಡುವಿನಿಂದ 2 ಡಿಗ್ರಿ ಸರಿದರೆ ಅರ್ಧ ಶಕ್ತಿ ಹೋಯಿತು. ಕಂಪ್ಯೂಟರಿನ ಗಡಿಯಾರ 4 ಸೆಕೆಂಡ್ ಹಿಂದೆ ಮುಂದೆ ಆದರೆ ಅಷ್ಟಾಗುತ್ತದೆ. 10 ಸೆಕೆಂಡ್ ಆದರೆ ಉಪಗ್ರಹ ಬೀಮ್‌ನಿಂದ ಪೂರ್ತಿ ಆಚೆ. ಬೇಸಿಗೆಯಲ್ಲಿ ಮೇಲಿಂದ ಮೇಲೆ ಕರೆಂಟು ಹೋಗಿ, ಹಳೆ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ಚಿಕ್ಕ ಬ್ಯಾಟರಿಯೂ ಸತ್ತಿದ್ದರೆ, ಪ್ರತಿ ಸಲ ಆನ್ ಮಾಡಿದಾಗ ಗಡಿಯಾರ ತನಗಿಷ್ಟ ಬಂದ ಸಮಯ ತೋರಿಸುತ್ತದೆ. ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಹೊಂದಿದೆ ಅಂತ ಕಣ್ಣಾರೆ ನೋಡಿ. ಕಕ್ಷೆಯ ಲೆಕ್ಕ ನಡೆಯುವುದು ಜಾಗತಿಕ ಸಮಯವಾದ ಯುಟಿಸಿಯಲ್ಲಿ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಾಫ್ಟ್‌ವೇರಿನಲ್ಲಿ ಆ ಐದೂವರೆ ಗಂಟೆ ಎರಡು ಸಲ ಕಳೆದಿದ್ದರೆ ಡಿಶ್ ಖಾಲಿ ಆಕಾಶವನ್ನು ಶ್ರದ್ಧೆಯಿಂದ ಹಿಂಬಾಲಿಸುತ್ತದೆ.

ಕಕ್ಷೆಯ ಅಂಕಿ, ಅಂದರೆ ಟಿಎಲ್‌ಇ, ವಾರಕ್ಕೊಮ್ಮೆ ಹೊಸದು ಇಳಿಸಿಕೊಂಡರೆ ಸಾಕು. ತಿಂಗಳುಗಟ್ಟಲೆ ಹಳೆಯದು ಬೇಡ. ಸ್ಟೇಷನ್ನಿನ ಅಕ್ಷಾಂಶ ರೇಖಾಂಶವನ್ನೂ ಒಮ್ಮೆ ನೋಡಿ. ಬಳ್ಳಾರಿ 15.14 ಉತ್ತರ, 76.92 ಪೂರ್ವ. ಎರಡು ಅಂಕಿ ಅದಲು ಬದಲಾದರೆ ಡಿಶ್ ಬೇರೆ ಯಾವುದೋ ಊರಿನ ಆಕಾಶ ನೋಡುತ್ತದೆ.

ಕೊನೆಗೆ ಎಲ್‌ಎನ್‌ಎಗೆ ಹೋಗುವ ಪವರನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ. ರಿಸೀವರಿನ ಗದ್ದಲದ ಮಟ್ಟ ಎದ್ದು ಕಾಣುವಷ್ಟು ಜಿಗಿಯಬೇಕು. ಜಿಗಿಯದಿದ್ದರೆ ಸೂರ್ಯನ ತನಕ ಹೋಗುವ ಅಗತ್ಯವೇ ಇಲ್ಲ, ನೇರವಾಗಿ ಕೆಳಗಿನ 'ಕಿವಿ ಮಂದವಾಗಿದ್ದರೆ' ಭಾಗಕ್ಕೆ ಹೋಗಿ.

ಸೂರ್ಯನ ಪರೀಕ್ಷೆ

ಸೂರ್ಯ ಬೆಳಕಷ್ಟೇ ಅಲ್ಲ, ರೇಡಿಯೋ ಅಲೆಯನ್ನೂ ಧಾರಾಳವಾಗಿ ಸುರಿಯುತ್ತಾನೆ. ಎಲ್ಲಿರುತ್ತಾನೆ ಅಂತ ಸೆಕೆಂಡಿನ ಲೆಕ್ಕದಲ್ಲಿ ಗೊತ್ತು. ಲೈಸೆನ್ಸ್ ಬೇಡ, ದುಡ್ಡು ಬೇಡ, ಬಳ್ಳಾರಿಯಲ್ಲಂತೂ ವರ್ಷದ ಬಹುಪಾಲು ದಿನ ತಪ್ಪದೇ ಸಿಗುತ್ತಾನೆ. ಮೋಡ ಇದ್ದರೂ ಪರವಾಗಿಲ್ಲ, 1700 ಮೆಗಾಹರ್ಟ್ಸ್‌ಗೆ ಮೋಡ ಅಡ್ಡಿ ಮಾಡುವುದಿಲ್ಲ. ಡಿಶ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉಪಕರಣ ಕೊಂಡು ತರಲಾಗುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮಾಡುವುದು ಹೀಗೆ. ಸದ್ದಿನ ಮಟ್ಟವನ್ನು ತಾನೇ ಹೊಂದಿಸುವ ರಿಸೀವರಿನ ಎಜಿಸಿಯನ್ನು ಮೊದಲು ಆಫ್ ಮಾಡಿ. ಅದು ಆನ್ ಇದ್ದರೆ ಏರಿದ್ದನ್ನು ಇಳಿಸಿ, ಇಳಿದದ್ದನ್ನು ಏರಿಸಿ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಉಪಗ್ರಹವಾಗಲೀ ಮೊಬೈಲ್ ಟವರ್ ಆಗಲೀ ಇಲ್ಲದ ಖಾಲಿ ತರಂಗ (ಫ್ರೀಕ್ವೆನ್ಸಿ) ಆರಿಸಿ. ಇನ್ನು ಅರ್ಧ ಗಂಟೆಗೆ ಸೂರ್ಯ ಎಲ್ಲಿರುತ್ತಾನೋ ಆ ಜಾಗಕ್ಕೆ ಡಿಶ್ ತಿರುಗಿಸಿ, ನಿಲ್ಲಿಸಿಬಿಡಿ. ಹಿಂಬಾಲಿಸಬೇಡಿ. ಸೂರ್ಯ ತಾನಾಗಿ ಬೀಮ್ ಒಳಗೆ ಬಂದು, ನಡುವೆ ಹಾದು, ಆಚೆ ಹೋಗಲಿ. ಅಷ್ಟೂ ಹೊತ್ತು ಪ್ರತಿ ಸೆಕೆಂಡಿನ ಶಕ್ತಿಯನ್ನು ಫೈಲ್‌ಗೆ ಬರೆಸಿ.

ಪರದೆಯ ಮೇಲೆ ಒಂದು ಗುಡ್ಡ ಮೂಡುತ್ತದೆ. ಗೆರೆ ಮೊದಲು ನೆಲಕ್ಕಂಟಿದ ಹಾಗೆ ಸಪಾಟಾಗಿ ಹೋಗುತ್ತಿರುತ್ತದೆ. ಆಮೇಲೆ ಮೆಲ್ಲಗೆ ಏರುತ್ತದೆ, ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಏರಿದ ವೇಗದಲ್ಲೇ ಇಳಿಯುತ್ತದೆ. ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ. ಹಾಗಾಗಿ 4 ಡಿಗ್ರಿ ಬೀಮ್‌ಗೆ ಅರ್ಧ ಎತ್ತರದ ಹತ್ತಿರ ಗುಡ್ಡದ ಅಗಲ ಸುಮಾರು 16 ನಿಮಿಷ ಇರಬೇಕು. ಈ ಒಂದು ಗುಡ್ಡದಿಂದ ಮೂರು ವಿಷಯ ಓದಬಹುದು. ತುದಿ ಯಾವಾಗ ಬಂತು, ತುದಿ ಎಷ್ಟು ಎತ್ತರ, ಗುಡ್ಡ ಎಷ್ಟು ಅಗಲ.

ಯಾವಾಗ ಅನ್ನುವುದು ದಿಕ್ಕಿನ ಲೆಕ್ಕ. ಲೆಕ್ಕದ ಪ್ರಕಾರ 9:30ಕ್ಕೆ ಬರಬೇಕಾದ ತುದಿ 9:42ಕ್ಕೆ ಬಂದರೆ ಡಿಶ್ 3 ಡಿಗ್ರಿ ತಪ್ಪು ನೋಡುತ್ತಿದೆ. ಆದರೆ ಯಾವ ಮೋಟಾರಿನ ತಪ್ಪು? ಇಲ್ಲಿ ನಮ್ಮ ಊರಿನ ಅಕ್ಷಾಂಶ ಕೈ ಹಿಡಿಯುತ್ತದೆ. ಬಳ್ಳಾರಿಯಲ್ಲಿ ಸೂರ್ಯ ಹೆಚ್ಚು ವಾಲದೆ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಬೆಳಿಗ್ಗೆಯ ಸರಿದಾಟ ಬಹುತೇಕ ಎಲಿವೇಶನ್ ದಿಕ್ಕಿನಲ್ಲಿ, ಮಧ್ಯಾಹ್ನದ್ದು ಪೂರ್ವ ಪಶ್ಚಿಮ ದಿಕ್ಕಿನಲ್ಲಿ. ಹಾಗಾಗಿ ಬೆಳಗಿನ ಗುಡ್ಡದಲ್ಲಿ ತಪ್ಪು ಕಂಡರೆ ಎಲಿವೇಶನ್ ಮೇಲೆ ಅನುಮಾನ, ಮಧ್ಯಾಹ್ನದ ಗುಡ್ಡದಲ್ಲಿ ಕಂಡರೆ ಅಜಿಮತ್ ಮೇಲೆ. ಬೆಳಗಿನದ್ದನ್ನು ಸೂರ್ಯ 20 ಡಿಗ್ರಿಗಿಂತ ಮೇಲೆ ಬಂದ ಮೇಲೆ ಮಾಡಿ. ಅದಕ್ಕಿಂತ ಕೆಳಗಿದ್ದರೆ ನೆಲದ ಬಿಸಿಯೂ ಬೀಮ್‌ಗೆ ಸೇರಿ ಗುಡ್ಡದ ಬುಡ ಕೆಡುತ್ತದೆ.

ಮಧ್ಯಾಹ್ನದ ಪರೀಕ್ಷೆಗೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆಗ ನಡುಹಗಲಲ್ಲೂ ಸೂರ್ಯ 51ರಿಂದ 57 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಮೇ ಆರಂಭದ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಸುತ್ತ ಮಾಡಲೇಬೇಡಿ. ಆಗ ಬಳ್ಳಾರಿಗೆ ಶೂನ್ಯ ನೆರಳಿನ ದಿನ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ನೆತ್ತಿಯ ಹತ್ತಿರ ಅಜಿಮತ್ ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೆಲವೇ ನಿಮಿಷದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜಿಗಿಯುತ್ತದೆ, ಆ ಅಂಕಿಯನ್ನು ನಂಬಿ ಸರಿ ಮಾಡಲು ಹೊರಟರೆ ಇದ್ದದ್ದೂ ಕೆಡುತ್ತದೆ.

ಎಷ್ಟು ಎತ್ತರ ಅನ್ನುವುದು ಕಿವಿಯ ಲೆಕ್ಕ. ಒಳ್ಳೆಯ ಎಲ್‌ಎನ್‌ಎ ಇರುವ 3 ಮೀಟರ್ ಡಿಶ್‌ಗೆ ಖಾಲಿ ಆಕಾಶಕ್ಕಿಂತ ಸೂರ್ಯ ಸುಮಾರು 9ರಿಂದ 11 ಡಿಬಿ (ಡೆಸಿಬೆಲ್, ಶಕ್ತಿಯ ಹೆಚ್ಚುಕಡಿಮೆ ಹೇಳುವ ಅಳತೆ) ಮೇಲೆ ಕಾಣಬೇಕು. ಸೂರ್ಯನೂ ದಿನದಿಂದ ದಿನಕ್ಕೆ ಸ್ವಲ್ಪ ಬದಲಾಗುತ್ತಾನೆ, ಮೈಮೇಲಿನ ಕಲೆಗಳು ಹೆಚ್ಚಿದ್ದಾಗ ಜಾಸ್ತಿ, ಕಡಿಮೆ ಇದ್ದಾಗ ಕಡಿಮೆ. ಆದ್ದರಿಂದ 1 ಡಿಬಿ ವ್ಯತ್ಯಾಸಕ್ಕೆ ಗಾಬರಿ ಬೇಡ. 4 ಡಿಬಿ ಬಂದರೆ ಮಾತ್ರ ಏನೋ ಆಗಿದೆ.

ಆಗ ಎರಡನೇ ಪರೀಕ್ಷೆ. ಡಿಶ್ಶನ್ನು ಖಾಲಿ ಆಕಾಶಕ್ಕೆ ಮುಖ ಮಾಡಿಸಿ, ಏಣಿ ಹತ್ತಿ, ಫೀಡ್ ಬಾಯಿಗೆ ಎರಡೂ ಅಂಗೈ ಅಡ್ಡ ಹಿಡಿಯಿರಿ. ಕೆಳಗೆ ಒಬ್ಬರು ಪರದೆ ನೋಡುತ್ತಿರಲಿ. ನಮ್ಮ ಮೈ ಆಕಾಶಕ್ಕಿಂತ ಬಹಳ ಬಿಸಿ, ಹಾಗಾಗಿ ಗದ್ದಲ ಸುಮಾರು 5 ಡಿಬಿ ಏರಬೇಕು. ಈ ಪರೀಕ್ಷೆಗೆ ಡಿಶ್ ಲೆಕ್ಕಕ್ಕಿಲ್ಲ, ಫೀಡ್‌ನಿಂದ ರಿಸೀವರ್ ತನಕದ ದಾರಿ ಮಾತ್ರ ತೂಕಕ್ಕೆ ಬರುತ್ತದೆ. ಕೈ ಪರೀಕ್ಷೆ ಚೆನ್ನಾಗಿದ್ದು ಸೂರ್ಯ ಮಾತ್ರ ಕುಗ್ಗಿದ್ದರೆ ದೋಷ ಡಿಶ್‌ನಲ್ಲಿ ಅಥವಾ ಫೀಡ್ ಕೂತ ಜಾಗದಲ್ಲಿ. ಎರಡೂ ಕುಗ್ಗಿದ್ದರೆ ಎಲ್‌ಎನ್‌ಎ, ಕನೆಕ್ಟರ್, ಕೇಬಲ್. ಮಾಳಿಗೆಯ ಮೇಲಿನ ಕೆಲಸ ಇಲ್ಲಿಗೆ ಅರ್ಧಕ್ಕರ್ಧ ಕಡಿಮೆಯಾಯಿತು.

ಇನ್ನೊಂದು ಸಾಧ್ಯತೆ ಇದೆ. ತುದಿ ಸಮಯಕ್ಕೆ ಬಂತು, ಎತ್ತರ ಸರಿ ಇದೆ, ಅಗಲ ಸರಿ ಇದೆ, ಆದರೂ ಉಪಗ್ರಹ ಇಲ್ಲ. ಆಗ ಕಾರಣ ಬಹುತೇಕ ಎರಡರಲ್ಲಿ ಒಂದು. ಒಂದು, ಗಡಿಯಾರ. 30 ಸೆಕೆಂಡ್ ತಪ್ಪಿದರೂ ಸೂರ್ಯನ ಮೇಲೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನು ಸರಿಯುವುದು ಡಿಗ್ರಿಯ ಎಂಟನೇ ಒಂದು ಭಾಗ. ಉಪಗ್ರಹ ಮಾತ್ರ ಆಗಲೇ ಬೀಮ್ ದಾಟಿ ಹೋಗಿರುತ್ತದೆ. ಎರಡು, ಪೋಲರೈಸೇಶನ್, ಅಂದರೆ ಅಲೆ ಯಾವ ಕಡೆಗೆ ಸುತ್ತುತ್ತಾ ಬರುತ್ತದೆ ಅನ್ನುವುದು. ಮೀಟಿಯರ್, ಮೆಟಾಪ್ ಎರಡರ ಅಲೆಯೂ ಬಲಕ್ಕೆ ಸುತ್ತುತ್ತಾ ಬರುತ್ತದೆ. ಡಿಶ್‌ಗೆ ಬಡಿದು ಹಿಂದಿರುಗುವಾಗ ಅದು ಎಡಸುತ್ತು ಆಗುತ್ತದೆ. ಹಾಗಾಗಿ ಫೀಡ್‌ನ ಸುರುಳಿ ತಂತಿ, ಅಂದರೆ ಹೆಲಿಕ್ಸ್, ಎಡಕ್ಕೆ ಸುತ್ತಿರಬೇಕು. ಬಲಕ್ಕೆ ಸುತ್ತಿದ್ದರೆ ಸಿಗ್ನಲ್ ನೂರನೇ ಒಂದು ಭಾಗಕ್ಕೆ ಇಳಿಯಬಹುದು. ಸೂರ್ಯನ ಅಲೆಗೆ ಇಂಥ ಸುತ್ತು ಇಲ್ಲ, ಆದ್ದರಿಂದ ಸೂರ್ಯ ಎರಡೂ ಫೀಡ್‌ನಲ್ಲಿ ಒಂದೇ ಥರ ಕಾಣುತ್ತಾನೆ.

ಒಂದು ಎಚ್ಚರಿಕೆ. ನಮ್ಮದು ಜಾಲರಿ, ಬೆಳಕನ್ನು ಒಟ್ಟುಗೂಡಿಸುವುದಿಲ್ಲ. ನಿಮ್ಮದು ಹೊಳೆಯುವ ತಗಡಿನ ಡಿಶ್ ಆದರೆ ಸೂರ್ಯನ ಕಡೆ ನಿಲ್ಲಿಸಿದಾಗ ಬಿಸಿಲೆಲ್ಲ ಫೀಡ್ ಮೇಲೆ ಬಿದ್ದು ಪ್ಲಾಸ್ಟಿಕ್ ಕರಗುತ್ತದೆ. ಅಂಥದ್ದಕ್ಕೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಯಿರಿ. ಪರೀಕ್ಷೆ ಮುಗಿದ ಮೇಲೆ ಡಿಶ್ಶನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ.

ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾಗೆ ಈ ಉಪಾಯ ಹೀಗೇ ನಡೆಯುವುದಿಲ್ಲ. 2008ರಲ್ಲಿ ಚಂದ್ರಯಾನ-1ಕ್ಕೆ ಅಂತ ಎದ್ದ ಆ ಡಿಶ್‌ನ ಬೀಮ್ ಎಕ್ಸ್ ಬ್ಯಾಂಡ್‌ನಲ್ಲಿ (ಸುಮಾರು 8000 ಮೆಗಾಹರ್ಟ್ಸ್) ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಿರಿದು. ಸೂರ್ಯನೇ ಅರ್ಧ ಡಿಗ್ರಿ ಅಗಲ ಇದ್ದಾನೆ, ಬೀಮ್‌ಗಿಂತ ಗುರಿಯೇ ದೊಡ್ಡದಾಯಿತು. ಅಷ್ಟು ದೊಡ್ಡ ಡಿಶ್‌ಗಳ ದಿಕ್ಕು ಹೊಂದಿಸಲು ಚುಕ್ಕಿಯಷ್ಟು ಸಣ್ಣಗೆ ಕಾಣುವ ರೇಡಿಯೋ ಆಕರಗಳು ಬೇಕು. ಸಣ್ಣ ಡಿಶ್ ಇಟ್ಟುಕೊಂಡ ನಮಗೆ ಇದೊಂದು ಅನುಕೂಲ.

ದಿಕ್ಕು ತಪ್ಪಿದ್ದರೆ

ಉತ್ತರ ದಿಕ್ಕು ಸರಿ ಇಲ್ಲದಿದ್ದರೆ ಎಲ್ಲಾ ಪಾಸ್‌ಗಳಲ್ಲೂ, ಅಂದರೆ ಉಪಗ್ರಹ ನಮ್ಮ ಆಕಾಶ ದಾಟುವ ಪ್ರತಿ ಸಲವೂ, ಒಂದೇ ಪ್ರಮಾಣದ ತಪ್ಪು ಬರುತ್ತದೆ. ಮೊಬೈಲ್‌ನ ದಿಕ್ಸೂಚಿ ನಂಬಬೇಡಿ. ಮಾಳಿಗೆಯ ಸ್ಲ್ಯಾಬ್ ಒಳಗೆ ಕಬ್ಬಿಣದ ಸರಳು, ಡಿಶ್‌ನ ಕಂಬವೇ ಕಬ್ಬಿಣ. ಗೌಂಡಿಗಳ ಹತ್ತಿರ ಇರುವ ತೂಗುಗುಂಡು ಸಾಕು. ದಾರ ಇಳಿಬಿಟ್ಟು, ಸೂರ್ಯ ನೆತ್ತಿಯ ಗೆರೆ ದಾಟುವ ಕ್ಷಣದಲ್ಲಿ ದಾರದ ನೆರಳನ್ನು ನೆಲದ ಮೇಲೆ ಗೀಚಿ. ಅದೇ ನಿಜವಾದ ಉತ್ತರ ದಕ್ಷಿಣ.

ಆ ಕ್ಷಣ 12 ಗಂಟೆಗೆ ಬರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಬಳ್ಳಾರಿ ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಸರಾಸರಿ 12:22ಕ್ಕೆ. ರಾಯಚೂರಿನವರಿಗೆ ಒಂದೆರಡು ನಿಮಿಷ ಮೊದಲು, ಕೊಪ್ಪಳದವರಿಗೆ ಮೂರು ನಿಮಿಷ ಆಮೇಲೆ. ಇದೂ ವರ್ಷವಿಡೀ ಒಂದೇ ಅಲ್ಲ. ಬಳ್ಳಾರಿಯಲ್ಲಿ ನವೆಂಬರ್ ಆರಂಭದಲ್ಲಿ 12:06ರ ಹತ್ತಿರ, ಫೆಬ್ರವರಿ ನಡುವೆ 12:36ರ ಹತ್ತಿರ. ಆ ದಿನದ ಸಮಯ ನೋಡಿಕೊಂಡೇ ಗೀಚಿ. ಮೇ ಆರಂಭದಿಂದ ಆಗಸ್ಟ್ ಎರಡನೇ ವಾರದ ತನಕ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಇದು ತಿಳಿಯದೆ ಬಾಣದ ಗುರುತು ಹಾಕಿದರೆ ಡಿಶ್ 180 ಡಿಗ್ರಿ ತಿರುಗಿ ಕೂರುತ್ತದೆ.

ತಪ್ಪು ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ಉತ್ತರದ ದೋಷ ಅಲ್ಲ, ಗೇರಿನ ಸಡಿಲ. ಸೂರ್ಯನನ್ನೇ ಎಡದಿಂದ ಬಂದು ಒಮ್ಮೆ, ಬಲದಿಂದ ಬಂದು ಒಮ್ಮೆ ಹಿಡಿಯಿರಿ. ಎರಡು ತುದಿಗಳ ನಡುವಿನ ವ್ಯತ್ಯಾಸವೇ ಸಡಿಲ. ಅರ್ಧ ಡಿಗ್ರಿ ಇದ್ದರೆ ಬದುಕಬಹುದು. 2 ಡಿಗ್ರಿ ಇದ್ದರೆ ಗೇರ್‌ಬಾಕ್ಸ್ ಬಿಚ್ಚಬೇಕು.

ಒಂದು ವಿಶೇಷ ಲಕ್ಷಣ: ಪಾಸ್ ಶುರುವಿನಲ್ಲಿ ಸಿಗ್ನಲ್ ಚೆನ್ನಾಗಿದೆ, ಕೊನೆಯಲ್ಲೂ ಚೆನ್ನಾಗಿದೆ, ನೆತ್ತಿಯ ಮೇಲೆ ಬಂದಾಗ ಮಾತ್ರ ಹೋಗುತ್ತದೆ. ಇದು ಕೆಟ್ಟಿರುವುದಲ್ಲ, ಈ ಥರದ ಜೋಡಣೆಯ ಮಿತಿ. 70 ಡಿಗ್ರಿ ಎತ್ತರದ ಪಾಸ್‌ನಲ್ಲಿ ಅಜಿಮತ್ ಸೆಕೆಂಡಿಗೆ ಒಂದೂವರೆ ಡಿಗ್ರಿ ತಿರುಗಿದರೆ ಸಾಕು. 85 ಡಿಗ್ರಿ ಪಾಸ್‌ಗೆ ಸುಮಾರು 6 ಡಿಗ್ರಿ ಬೇಕು. ಮೋಟಾರಿಗೆ ಆ ಓಟ ಇಲ್ಲದಿದ್ದರೆ ಹಿಂದೆ ಬೀಳುತ್ತದೆ. ಅಂಥ ಪಾಸ್‌ನಲ್ಲಿ ಸ್ವಲ್ಪ ಮುಂಚೆಯೇ ಅಜಿಮತ್ ತಿರುಗಿಸಲು ಶುರು ಮಾಡುವ ಸಾಫ್ಟ್‌ವೇರ್ ಹಾಕಿ, ಇಲ್ಲವಾದರೆ ಆ ಕೆಲವು ಸೆಕೆಂಡಿನ ಚಿತ್ರ ಬಿಟ್ಟುಕೊಡಿ.

ಕಿವಿ ಮಂದವಾಗಿದ್ದರೆ

ಮಲ್ಟಿಮೀಟರ್ ಹಿಡಿದು ಮೇಲೆ ಹೋಗಿ. ಎಲ್‌ಎನ್‌ಎಗೆ ಕೇಬಲ್ ಮೂಲಕವೇ 5 ವೋಲ್ಟ್ ಬರುತ್ತದೆ. ಕನೆಕ್ಟರ್ ಬಿಚ್ಚಿ ಬರೀ ತುದಿಯಲ್ಲಿ ಅಳೆದರೆ 5 ತೋರಿಸಬಹುದು, ಎಲ್‌ಎನ್‌ಎ ಜೋಡಿಸಿದ ಮೇಲೆ 3ಕ್ಕೆ ಇಳಿಯಬಹುದು. ಆದ್ದರಿಂದ ಕರೆಂಟ್ ಅಳೆಯುವುದೇ ಸರಿ. ಏನೂ ಎಳೆಯುತ್ತಿಲ್ಲ ಅಂದರೆ ಎಲ್ಲೋ ತುಂಡಾಗಿದೆ. ಮಾಮೂಲಿಗಿಂತ ಬಹಳ ಜಾಸ್ತಿ ಎಳೆಯುತ್ತಿದೆ ಅಂದರೆ ಎಲ್ಲೋ ನೀರು ಅಥವಾ ಶಾರ್ಟ್. ಸರಿಯಾಗಿದ್ದಾಗ ಎಷ್ಟು ಎಳೆಯುತ್ತಿತ್ತು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರೆ ಈ ಕೆಲಸ ಒಂದು ನಿಮಿಷದ್ದು.

ನೀರಿಗಿಂತ ಜಾಸ್ತಿ ಕಾಟ ಕೊಡುವುದು ಇನ್ನೊಂದಿಲ್ಲ. ಬಳ್ಳಾರಿಯ ಬಿಸಿಲಿಗೆ ಮಾಮೂಲಿ ಕಪ್ಪು ಟೇಪ್ ಬೇಗ ಒಣಗಿ ಸಿಪ್ಪೆ ಏಳುತ್ತದೆ. ಹೊರಗಿನಿಂದ ಸುತ್ತಿದ ಹಾಗೇ ಕಾಣುತ್ತದೆ, ಬೆರಳಿಂದ ಒತ್ತಿದರೆ ಒಳಗೆ ಚರಪರ ಅನ್ನುತ್ತದೆ. ಅದನ್ನು ಬಿಡಿಸಿ ಕನೆಕ್ಟರ್ ತಿರುಗಿಸಿ ತೆಗೆದರೆ ನೂಲಿನ ತುಂಬಾ ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಪೇಸ್ಟ್ ಆಗಿ ಕೂತಿರುತ್ತದೆ, ನಡುವಿನ ಪಿನ್ ಮೇಲೆ ಹಸಿರು ಕಿಲುಬು. ಅದನ್ನು ಉಜ್ಜಿ ಮತ್ತೆ ಹಾಕುವುದು ಬೇಡ. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ. ಕೇಬಲ್‌ನ ಹೆಣಿಗೆ ಎಲ್ಲಿಯ ತನಕ ಕಪ್ಪಾಗಿದೆಯೋ ಅಲ್ಲಿಯ ತನಕ ಕತ್ತರಿಸಿ, ನೀರು ಹೆಣಿಗೆಯ ಒಳಗೇ ಮೇಲಕ್ಕೆ ಹತ್ತಿರುತ್ತದೆ. ಆಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಇನ್ನೊಂದು ಪದರ. ಕೇಬಲ್ ಕನೆಕ್ಟರಿಗೆ ಕೆಳಗಿನಿಂದ ಏರುವ ಹಾಗೆ ಒಂದು ಜೋಲು ಬಿಡಿ, ಮಳೆ ನೀರು ಜೋಲಿನಿಂದಲೇ ತೊಟ್ಟಿಕ್ಕಲಿ.

ಫೀಡ್ ಮತ್ತು ಎಲ್‌ಎನ್‌ಎ ನಡುವಿನ ತುಂಡಿನ ಬಗ್ಗೆ ಮಾತ್ರ ಸ್ವಲ್ಪವೂ ರಾಜಿ ಬೇಡ. ಅಲ್ಲಿ 0.1 ಡಿಬಿ ನಷ್ಟವಾದರೂ ಸುಮಾರು 7 ಕೆಲ್ವಿನ್ ಗದ್ದಲ ಸೇರುತ್ತದೆ (ಗದ್ದಲವನ್ನು ಬಿಸಿಯ ಲೆಕ್ಕದಲ್ಲಿ ಅಳೆಯುತ್ತಾರೆ). ಎಲ್‌ಎನ್‌ಎ ಆದ ಮೇಲೆ ಕೇಬಲ್ ಸ್ವಲ್ಪ ಉದ್ದವಿದ್ದರೆ ಸಹಿಸಬಹುದು, ಮೊದಲು ಒಂದು ಗೇಣು ಕೂಡ ಬೇಡ. ದೊಡ್ಡ ಸ್ಟೇಷನ್‌ಗಳಲ್ಲಿ ಮೊದಲ ಆಂಪ್ಲಿಫೈಯರನ್ನು ಹೀಲಿಯಂ ಹರಿಸಿ ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣ್ಣಗೆ ಮಾಡುವುದು ಇದೇ ಕಾರಣಕ್ಕೆ.

ಕೈ ಪರೀಕ್ಷೆ ಸರಿ, ಸೂರ್ಯ ಕಡಿಮೆ ಅಂದರೆ ಫೀಡ್ ಕೂತ ಜಾಗ ನೋಡಿ. ಡಿಶ್ ಸೂರ್ಯನ ಕಡೆ ಇದ್ದಾಗ ಫೀಡ್ ನೆರಳು ಡಿಶ್‌ನ ನಟ್ಟನಡುವೆ ಬೀಳಬೇಕು. ನೆರಳನ್ನೇ ನೋಡಿ, ಸೂರ್ಯನನ್ನು ನೋಡಬೇಡಿ. ನಮ್ಮ ಡಿಶ್‌ಗೆ ಫೀಡ್ 1.2 ಮೀಟರ್ ದೂರ. ಅದು 2 ಸೆಂ.ಮೀ. ಬದಿಗೆ ವಾಲಿದರೆ ಬೀಮ್ ಸುಮಾರು 0.8 ಡಿಗ್ರಿ ಎದುರು ಬದಿಗೆ ಸರಿಯುತ್ತದೆ. ಹಿಂದೆ ಮುಂದೆ ಸರಿದರೆ ಬೀಮ್ ಸರಿಯುವುದಿಲ್ಲ, ಗುಡ್ಡ ಕುಳ್ಳಗೆ ಅಗಲವಾಗುತ್ತದೆ. ಅಗಲ ಅಳೆಯಬೇಕು ಅಂತ ಹೇಳಿದ್ದು ಇದಕ್ಕೇ. ಫೀಡ್ ಸರಿಸುವವರು ಯಾರು? ಆನೆಗುಂದಿ, ಗಂಗಾವತಿ ಕಡೆಯವರಿಗೆ ಉತ್ತರ ಗೊತ್ತು, ಮಂಗಗಳು. ಫೀಡ್ ಹಿಡಿದಿರುವ ಕೋಲುಗಳು ಅವಕ್ಕೆ ಜೋತಾಡಲು ಹೇಳಿ ಮಾಡಿಸಿದ ಜಾಗ. ಮೂರು ಕೋಲಿನ ಬದಲು ನಾಲ್ಕು ದಪ್ಪ ಕೋಲು ಹಾಕಿ, ಬೋಲ್ಟ್‌ಗಳ ಮೇಲೆ ಪೇಂಟ್‌ನಿಂದ ಗೆರೆ ಎಳೆದಿಡಿ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ ಅಂತ ಅರ್ಥ.

ಕ್ಯಾನ್ ಆಕಾರದ ಫೀಡ್ ಆದರೆ ಟಾರ್ಚ್ ಹಿಡಿದು ಒಳಗೆ ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಸಿಗ್ನಲ್ ಹಿಡಿಯುವ ಒಳಗಿನ ಕಡ್ಡಿಯ, ಅಂದರೆ ಪ್ರೋಬ್‌ನ, ಪಕ್ಕದಲ್ಲೇ ಹಸಿ ಮಣ್ಣು ಕೂತರೆ ಟ್ಯೂನಿಂಗ್ ಕೆಡುತ್ತದೆ. ಬಾಯಿಗೆ ತೆಳ್ಳಗಿನ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕೆಳಭಾಗದಲ್ಲಿ ನೀರು ಹೋಗಲು ಒಂದು ಸಣ್ಣ ತೂತು ಬಿಡಿ.

ಒಂದು ಸುತ್ತು ತಿರುಗಿಸಿ

ಸಿಗ್ನಲ್ ಕೆಲವು ದಿಕ್ಕಿನಲ್ಲಿ ಮಾತ್ರ ಹೋಗುತ್ತದೆಯೇ? ಎಲಿವೇಶನ್ 25 ಡಿಗ್ರಿಗೆ ನಿಲ್ಲಿಸಿ ಅಜಿಮತ್ ಪೂರ್ತಿ ಒಂದು ಸುತ್ತು ಮೆಲ್ಲಗೆ ತಿರುಗಿಸಿ. ಗದ್ದಲದ ಮಟ್ಟ ಬರೆಸಿ. ಆಮೇಲೆ 60 ಡಿಗ್ರಿಗೆ ಏರಿಸಿ ಮತ್ತೆ ಒಂದು ಸುತ್ತು.

ಒಂದು ದಿಕ್ಕಿನಲ್ಲಿ ಗದ್ದಲ ಎದ್ದು, 60 ಡಿಗ್ರಿಗೆ ಏರಿಸಿದಾಗ ಅದು ಇಳಿದರೆ ಅಲ್ಲಿ ಯಾವುದೋ ಟವರ್ ಇದೆ. ಮೊಬೈಲ್ ಟವರ್‌ಗಳು 1805ರಿಂದ 1880 ಮೆಗಾಹರ್ಟ್ಸ್‌ನಲ್ಲಿ ಕಳಿಸುತ್ತವೆ, ನಮ್ಮ 1700ಕ್ಕೆ ಅದು ಪಕ್ಕದ ಮನೆ. ಎಲ್‌ಎನ್‌ಎ ಆ ಸದ್ದಿಗೆ ಉಸಿರುಗಟ್ಟಿ ಉಪಗ್ರಹವನ್ನು ಕೇಳದಂತಾಗುತ್ತದೆ. ಖಚಿತ ಮಾಡಿಕೊಳ್ಳಲು ಎಲ್‌ಎನ್‌ಎ ಆದ ಮೇಲೆ ಸಿಗ್ನಲ್ ತಗ್ಗಿಸುವ 3 ಡಿಬಿ ಅಟೆನ್ಯುಯೇಟರ್ ಹಾಕಿ. ಪರದೆಯ ಮೇಲಿನ ವಿಚಿತ್ರ ಗೆರೆಗಳು 3 ಡಿಬಿಯಷ್ಟೇ ಇಳಿದರೆ ಅವು ಅಟೆನ್ಯುಯೇಟರಿಗೆ ಮೊದಲೇ ಇದ್ದವು. 9 ಡಿಬಿ ಇಳಿದರೆ ಅವು ರಿಸೀವರ್ ಒಳಗೇ ಹುಟ್ಟುತ್ತಿವೆ. ಮೊದಲನೆಯದಕ್ಕೆ ಎಲ್‌ಎನ್‌ಎ ಹತ್ತಿರವೇ ಫಿಲ್ಟರ್ ಬೇಕು, ಎರಡನೆಯದಕ್ಕೆ ರಿಸೀವರಿಗೆ ಮೊದಲು.

ಗದ್ದಲ ಏರುವ ಬದಲು ಧಡಕ್ಕನೆ ಬಿದ್ದು, ಎರಡೂ ಎತ್ತರದಲ್ಲಿ ಅದೇ ಅಜಿಮತ್‌ನಲ್ಲಿ ಬಿದ್ದರೆ ಅದು ಕೇಬಲ್. ತಿರುಗುವ ಕಂಬದ ಸುತ್ತ ಕೇಬಲ್ ಮಡಚಿಕೊಳ್ಳುವ ಜಾಗದಲ್ಲಿ ಒಳಗಿನ ತಂತಿ ಮುರಿದಿರುತ್ತದೆ. ಹೊರಗಿನ ರಬ್ಬರ್ ಸರಿಯಾಗೇ ಕಾಣುತ್ತದೆ.

ತಿರುಗುವಿಕೆಯ ಮಿತಿಯನ್ನು ಸಾಫ್ಟ್‌ವೇರ್ ಮೇಲೆ ಮಾತ್ರ ಬಿಡಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರುವ ನಾಸಾದ 70 ಮೀಟರ್ ಡಿಶ್ ಮಿತಿ ಮೀರಿ ತಿರುಗಿತು. ನಡುವಿನ ಕೇಬಲ್‌ಗಳು, ಪೈಪುಗಳು ಜಗ್ಗಿದವು. ಬೆಂಕಿ ನಂದಿಸುವ ವ್ಯವಸ್ಥೆಯ ಪೈಪೂ ಹಾಳಾಗಿ ನೀರು ನುಗ್ಗಿತು. ದೂರದ ನೌಕೆಗಳ ಜೊತೆ ಮಾತಾಡುವ ಅಷ್ಟು ಮುಖ್ಯವಾದ ಆಂಟೆನಾ ಕೆಲಸ ನಿಲ್ಲಿಸಬೇಕಾಯಿತು. ನಮ್ಮ ಮಾಳಿಗೆಯ ಡಿಶ್‌ಗೂ ಮೋಟಾರಿನ ಪವರನ್ನೇ ನೇರವಾಗಿ ಕತ್ತರಿಸುವ ಲಿಮಿಟ್ ಸ್ವಿಚ್ ಎರಡೂ ಕೊನೆಯಲ್ಲಿ ಇರಲೇಬೇಕು. ತಿಂಗಳಿಗೊಮ್ಮೆ ಅದನ್ನು ಕೈಯಿಂದ ಒತ್ತಿ, ಮೋಟಾರ್ ನಿಲ್ಲುತ್ತದೆಯಾ ಅಂತ ನೋಡಿ. ಅದಿರಿನ ಧೂಳು ತುಂಬಿದ ಸ್ವಿಚ್ ಒತ್ತಿದರೂ ಒತ್ತಿಕೊಳ್ಳುವುದಿಲ್ಲ.

ಧೂಳು, ಬಿಸಿಲು, ಗಾಳಿ, ಗುಡುಗು

"ಸರ್, ಡಿಶ್ ಮೇಲೆ ಧೂಳು ಕೂತಿದೆ, ತೊಳೆದರೆ ಸರಿ ಹೋಗುತ್ತೆ ಅಲ್ವಾ?" ಅಂತ ಹುಡುಗರು ಕೇಳುತ್ತಾರೆ. ಇಲ್ಲ. ಈ ತರಂಗದ ಉದ್ದ ಸುಮಾರು 17.6 ಸೆಂ.ಮೀ. ಡಿಶ್‌ನ ಮೈ ಅದರ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 1 ಸೆಂ.ಮೀ.ನಷ್ಟು ಉಬ್ಬುತಗ್ಗು ಇದ್ದರೂ ತಡೆದುಕೊಳ್ಳುತ್ತದೆ. ತೆಳ್ಳಗಿನ ಧೂಳು ಯಾವ ಲೆಕ್ಕ? ಧೂಳಿನ ನಿಜವಾದ ಹಾನಿ ಗೇರಿನಲ್ಲಿ. ಗ್ರೀಸಿನ ಜೊತೆ ಸೇರಿ ಅದು ಗೇರಿನ ಹಲ್ಲನ್ನು ಉಜ್ಜಿ ಸವೆಸುವ ಪುಡಿಯಾಗುತ್ತದೆ. ಹಳೆಯ ಗ್ರೀಸಿನ ಮೇಲೇ ಹೊಸದು ಮೆತ್ತಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಆಮೇಲೆ ಹೊಸದು ಹಚ್ಚಿ.

ಬಿಸಿಲಿನ ಲಕ್ಷಣ ಬೇರೆ. ಬೆಳಗಿನ ಪಾಸ್ ಚೆನ್ನಾಗಿ ಬಂದು ಮಧ್ಯಾಹ್ನದ್ದು ಬರದಿದ್ದರೆ ಕಂಬದ ಪೆಟ್ಟಿಗೆ ಮುಟ್ಟಿ ನೋಡಿ. ಹೊರಗೆ 41 ಡಿಗ್ರಿ ಇದ್ದಾಗ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯ ಒಳಗೆ ಕೈ ಇಡಲಾಗುವುದಿಲ್ಲ. ಮೋಟಾರಿನ ಪವರ್ ಸಪ್ಲೈ ತಾನೇ ಶಕ್ತಿ ತಗ್ಗಿಸುತ್ತದೆ, ರಿಸೀವರ್‌ನ ತರಂಗ ಸರಿಯುತ್ತದೆ. ಪೆಟ್ಟಿಗೆಯನ್ನು ಡಿಶ್‌ನ ಉತ್ತರದ ಬದಿಗೆ ಹಾಕಿ, ಬಿಳಿ ಬಣ್ಣ ಹೊಡೆಯಿರಿ, ಮೇಲೆ ಒಂದು ಗೇಣು ಬಿಟ್ಟು ತಗಡಿನ ನೆರಳು ಕಟ್ಟಿ. ಫ್ಯಾನ್ ಹಾಕುವುದಾದರೆ ಜಾಲರಿ ಸಮೇತ ಹಾಕಿ, ಇಲ್ಲವಾದರೆ ಅದಿರಿನ ಧೂಳನ್ನು ನಾವೇ ಒಳಗೆ ಕರೆದ ಹಾಗೆ.

ಗಾಳಿ ಎದ್ದಾಗ ಡಿಶ್ ಮುಖ ನೆಟ್ಟಗೆ ಮೇಲಕ್ಕೆ ಇರಲಿ, ಗಾಳಿಗೆ ಕಡಿಮೆ ಸಿಗುತ್ತದೆ. ಗಾಳಿ ನಿಂತ ಮೇಲೆ ದಿಕ್ಕಿನ ತಪ್ಪು ಕಂಡರೆ, ಡಿಶ್ ಎಷ್ಟು ತಿರುಗಿದೆ ಅಂತ ಅಳೆಯುವ ಎನ್‌ಕೋಡರ್ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲವಾಗಿ ಜಾರಿದೆ ಅಂತಲೇ ಮೊದಲು ಅನುಮಾನಿಸಿ.

ಗುಡುಗಿನ ಮಳೆ ಶುರುವಾದ ಮೇಲೆ ಒಂದು ದೋಷ ಹೆಚ್ಚಾಗಿ ಬರುತ್ತದೆ. ಎಲ್‌ಎನ್‌ಎ ಕರೆಂಟ್ ಮಾಮೂಲಿನಷ್ಟೇ ಎಳೆಯುತ್ತದೆ, ಗದ್ದಲವೂ ಜಿಗಿಯುತ್ತದೆ, ಆದರೆ ಕೈ ಪರೀಕ್ಷೆಯಲ್ಲಿ 5 ಡಿಬಿ ಬದಲು 1 ಡಿಬಿ ಬರುತ್ತದೆ. ಹತ್ತಿರದ ಸಿಡಿಲಿನ ಏಟಿಗೆ ಮೊದಲ ಟ್ರಾನ್ಸಿಸ್ಟರ್ ಪೂರ್ತಿ ಸಾಯದೆ ಅರ್ಧ ಸತ್ತಿದೆ. ಇದಕ್ಕೆ ರಿಪೇರಿ ಇಲ್ಲ, ಎಲ್‌ಎನ್‌ಎ ಬದಲಾಯಿಸಿ. ಕಂಬಕ್ಕೆ ಪ್ರತ್ಯೇಕ ಅರ್ತಿಂಗ್ ಇದೆಯಾ, ಅದನ್ನು ಕಟ್ಟಡದ ಅರ್ತಿಂಗಿಗೆ ದಪ್ಪ ತಂತಿಯಿಂದ ಜೋಡಿಸಿದ್ದಾರಾ, ಕೇಬಲ್ ಕೋಣೆಗೆ ಇಳಿಯುವ ಜಾಗದಲ್ಲಿ ಸಿಡಿಲು ತಡೆಯುವ ಅರೆಸ್ಟರ್ ಇದೆಯಾ ನೋಡಿ. ಬಳ್ಳಾರಿಯ ಒಣ ನೆಲದಲ್ಲಿ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಹೊಸ ಎಲ್‌ಎನ್‌ಎ ಹಾಕಿದ ಮರುದಿನ ಬೆಳಿಗ್ಗೆ ಸೂರ್ಯ 20 ಡಿಗ್ರಿ ಏರಿದ ಮೇಲೆ ಮತ್ತೆ ಒಂದು ಗುಡ್ಡ ಬರೆಸಿ, ಫೈಲಿಗೆ ಆ ದಿನದ ತಾರೀಖು ಮತ್ತು ಎಲ್‌ಎನ್‌ಎ ಎಳೆಯುವ ಕರೆಂಟಿನ ಅಂಕಿ ಹಾಕಿ ಇಟ್ಟುಕೊಳ್ಳಿ.